ಗೌರಿಯ ಬೆನ್ನ ಮೇಲಿನ ಹೆರಳು

ನನ್ನ ಫೋನು ಈಚೆಗೆ ನನಗಿಂತ ಹೆಚ್ಚು ಮರ ಕೆತ್ತುತ್ತಿದೆ. ಒಂದೇ ಒಂದು ಸಲ, ಅದೂ ಯಾರೂ ನೋಡದಾಗ, ‘ಮನೆಯಲ್ಲಿ ಇಟ್ಟುಕೊಳ್ಳುವಂಥ ಕೆತ್ತನೆ ಮಶೀನು’ ಎಂದು ಅದರಲ್ಲಿ ಹುಡುಕಿದ್ದೆ. ಅದಕ್ಕೆ ಅಷ್ಟು ಸಾಕಾಯಿತು. ಮೆಂತ್ಯದ ಕಡುಬು ಮಾಡುವ ವಿಡಿಯೋ ನೋಡೋಣವೆಂದು ಹೋದರೆ, ಕಡುಬಿಗೆ ಮುಂಚೆ ಒಂದು ಕಂಪ್ಯೂಟರ್ ಮಶೀನು ಗುರ್ರೆಂದು ಹಲಗೆಯ ಮೇಲೆ ನವಿಲು ಕೊರೆದು ತೋರಿಸುತ್ತದೆ. ಭಜನೆ ಕೇಳಲು ಹೋದರೆ ಗಣಪತಿ ಕೊರೆಯುತ್ತದೆ. ನಮ್ಮನೆಯವರು ಲೈಟಿನ ಆಫೀಸಿನಲ್ಲಿ ದುಡಿದು ನಿವೃತ್ತರಾದವರು. ಯಾವ ಸಾಮಾನು ಕಂಡರೂ ಅದು ಎಷ್ಟು ಕರೆಂಟು ತಿನ್ನುತ್ತದೆಂದು ಮೊದಲು ಯೋಚಿಸುವವರು. ಒಂದಿನ ಚಹಾ ಹೀರುತ್ತಾ ನನ್ನ ಭುಜದ ಮೇಲಿಂದ ಬಗ್ಗಿ ನೋಡಿದರು.

“ಏನ್ರಿ ಟೀಚರಮ್ಮಾರ, ಮಶೀನ್ ತರೋ ವಿಚಾರ ಐತೇನು?”

“ಸುಮ್ನ ನೋಡಾಕತ್ತೀನ್ರಿ.”

“ಸೀರಿ ಅಂಗಡ್ಯಾಗೂ ಹಿಂಗ ಅಂತಿ.”

ವಿಚಾರ ಇದ್ದದ್ದು ನಿಜ. ಅದಕ್ಕೆ ಕಾರಣ ನನ್ನ ಬಲಗೈ ಹೆಬ್ಬೆರಳು. ಅದರ ಬುಡದ ಕೀಲು ಸವೆದಿದೆಯಂತೆ. ನೋಡಿದ ಡಾಕ್ಟರು ಚಿಕ್ಕ ವಯಸ್ಸಿನವರು. ಚೀಟಿಯಲ್ಲಿ ‘ನಿವೃತ್ತ ಶಿಕ್ಷಕಿ, ಅರವತ್ನಾಲ್ಕು’ ಎಂದಿದ್ದನ್ನು ಓದಿ, “ಸೀಮೆಸುಣ್ಣ ಹಿಡಿದದ್ದಕ್ಕೆ ಇಷ್ಟು ಸವೆಯೋದಿಲ್ಲಮ್ಮ, ಬೇರೆ ಏನು ಮಾಡ್ತೀರಿ?” ಎಂದು ಕೇಳಿದರು. “ಮರ ಕೆತ್ತತೀನ್ರಿ” ಅಂದೆ. ಅವರು ಬರೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು, ಆಮೇಲೆ ನಮ್ಮನೆಯವರ ಮುಖ ನೋಡಿದರು. ಈ ಅಮ್ಮನ ತಲೆ ನೆಟ್ಟಗಿದೆಯೋ ಇಲ್ಲವೋ ಎಂದು ಅವರಿಂದ ತಿಳಿಯಬೇಕಿತ್ತೇನೋ ಪಾಪ. “ಹೌದ್ರಿ, ಕೆತ್ತತಾಳ” ಎಂದು ನಮ್ಮನೆಯವರು ಸಾಕ್ಷಿ ಹೇಳಿದರು. “ಹಾಗಾದ್ರೆ ಬಿಟ್ಟುಬಿಡಿ. ಉಳಿ, ಕೊಡತಿ ಎರಡೂ” ಅಂದರು ಡಾಕ್ಟರು, ಉಪ್ಪಿನಕಾಯಿ ಬಿಡಿ ಎಂದಷ್ಟು ಸಲೀಸಾಗಿ.

ನಾನು ಕೆತ್ತುವುದು ಸಕ್ಕರೆ ಆರತಿಯ ಅಚ್ಚು. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನೀವು ಮೈಸೂರಿನ ಕಡೆಯವರಾದರೆ ಸ್ವಲ್ಪ ಕೇಳಿಸಿಕೊಳ್ಳಿ. ದೀಪಾವಳಿಯಾದ ಮೇಲೆ ಬರುವ ಗೌರಿ ಹುಣ್ಣಿಮೆಗೆ ಹಡಗಲಿ, ಹಗರಿಬೊಮ್ಮನಹಳ್ಳಿ, ಕೊಟ್ಟೂರಿನ ಹೆಣ್ಣುಮಕ್ಕಳು ಸಕ್ಕರೆಯ ಗೊಂಬೆಗಳನ್ನು ತಟ್ಟೆಯಲ್ಲಿಟ್ಟುಕೊಂಡು ಗೌರಿಗೆ ಆರತಿ ಬೆಳಗಲು ಹೋಗುತ್ತಾರೆ. ಆ ಗೊಂಬೆಗಳು ಹುಟ್ಟುವುದು ಮರದ ಅಚ್ಚಿನಲ್ಲಿ. ಸಾಗವಾನಿಯ ಎರಡು ಹೋಳು. ಒಂದರಲ್ಲಿ ಗೊಂಬೆಯ ಮುಂಭಾಗ, ಇನ್ನೊಂದರಲ್ಲಿ ಬೆನ್ನು, ಎರಡೂ ತಗ್ಗಾಗಿ ಕೊರೆದವು. ನೀರಲ್ಲಿ ನೆನೆಹಾಕಿ, ಜೋಡಿಸಿ, ಹುರಿಯಿಂದ ಬಿಗಿದು, ಕಾದ ಸಕ್ಕರೆ ಪಾಕ ಹೊಯ್ದು, ಆರಿದ ಮೇಲೆ ಬಿಚ್ಚಿದರೆ ಒಳಗೆ ಬೆಳ್ಳನೆಯ ಆನೆಯೋ ನವಿಲೋ ಗೌರಿಯೋ ನಿಂತಿರುತ್ತದೆ. ಮದುವೆ ಗೊತ್ತಾದ ಹುಡುಗಿಗೆ ಗಂಡಿನ ಮನೆಯಿಂದ ಸೀರೆಯ ಜೊತೆ ಈ ಆರತಿ ಹೋಗಲೇಬೇಕು. ಸೀರೆಯ ಬಣ್ಣ ಮನಸ್ಸಿಗೆ ಬರದಿದ್ದರೂ ಸುಮ್ಮನಾಗುವ ಬೀಗರು, ಕಿವಿ ಮುರಿದ ಆನೆಯನ್ನು ಮಾತ್ರ ಮೊಮ್ಮಕ್ಕಳಾಗುವವರೆಗೂ ಎತ್ತಿ ಆಡುತ್ತಾರೆ.

ನಮ್ಮಪ್ಪ ಹಡಗಲಿಯಲ್ಲಿ ಬಡಿಗೇರ ಕೆಲಸ ಮಾಡುತ್ತಿದ್ದ. ವರ್ಷವೆಲ್ಲ ಬಾಗಿಲು, ತೊಟ್ಟಿಲು, ಹೊಲದ ಕುಂಟಿ, ಕೂರಿಗೆ. ಶ್ರಾವಣ ಬಂತೆಂದರೆ ಅಚ್ಚು. ಆ ದಿನಗಳಲ್ಲಿ ನಮ್ಮ ಹಿತ್ತಲಲ್ಲಿ ಸಾಗವಾನಿಯ ಪುಡಿಯ ಕಹಿ ವಾಸನೆಯೂ ಓಣಿಯ ಮಲ್ಲಿಗೆಯ ವಾಸನೆಯೂ ಕಲೆತು ತಲೆನೋವು ಬರುತ್ತಿತ್ತು. ತಮ್ಮ ಮೌನೇಶನಿಗೆ ಆರನೇ ವಯಸ್ಸಿಗೇ ಕೈಗೆ ಉಳಿ ಕೊಟ್ಟಿದ್ದ ಅಪ್ಪ, ನನಗೆ ಕೊಟ್ಟದ್ದು ಗಾಜುಕಾಗದ. ಅಚ್ಚಿನ ತಗ್ಗಿನೊಳಗೆ ಬೆರಳು ತೂರಿಸಿ ಉಜ್ಜಿ ನುಣುಪು ಮಾಡುವುದು, ಶೇಂಗಾ ಎಣ್ಣೆ ಸವರುವುದು, ಕೊನೆಗೆ ಜೋಳದ ಹಿಟ್ಟಿನ ಮುದ್ದೆ ಒತ್ತಿ ಗೊಂಬೆ ಸರಿಯಾಗಿ ಬಿಡುತ್ತದೋ ಇಲ್ಲವೋ ನೋಡುವುದು ನನ್ನ ಪಾಲಿನ ಕೆಲಸ. “ನನಗೂ ಉಳಿ ಕೊಡಪ್ಪ” ಎಂದರೆ, “ಬೆರಳು ಕಡಕೊಂಡ್ರ ಯಾರು ಮಾಡ್ಕೋತಾರಬೇ ನಿನ್ನ? ಸಾಲಿಗೆ ಹೋಗು” ಎನ್ನುತ್ತಿದ್ದ. ಒಳ್ಳೆಯ ಮನುಷ್ಯ. ಆದರೆ ಆ ಮಾತಿಗೆ ನನಗೆ ಆಗಲೂ ಸಿಟ್ಟು ಬರುತ್ತಿತ್ತು, ಈಗಲೂ ಬರುತ್ತದೆ.

ಹನ್ನೆರಡು ವರ್ಷದವಳಿದ್ದಾಗ, ಅಪ್ಪ ಸಂತೆಗೆ ಹೋದ ದಿನ, ಒಂದು ತುಂಡು ಕದ್ದು ಗೌರಿಯ ಅಚ್ಚು ಕೊರೆದೆ. ಕಣ್ಣ ಮುಂದೆ ಇದ್ದದ್ದು ಅಪ್ಪ ಮುಗಿಸಿದ ಒಂದೇ ಹೋಳು, ಮುಂಭಾಗದ್ದು. ಅದನ್ನು ನೋಡಿಕೊಂಡು, ಅವಸರದಲ್ಲಿ ಬೆನ್ನಿನ ನೆನಪೇ ಆಗದೆ, ನಾನು ಎರಡು ಹೋಳಿಗೂ ಮುಖ ಕೊರೆದೆ. ಹಿಟ್ಟು ಒತ್ತಿ ತೆಗೆದರೆ ಮುಂದೂ ಮೂಗು, ಹಿಂದೂ ಮೂಗು. ಅವ್ವ ಅದನ್ನು ತಿರುಗಿಸಿ ತಿರುಗಿಸಿ ನೋಡಿ, “ಈಕಿ ಗಂಡನ ಮನಿಗೆ ಹೊಂಟಾಳೋ ತವರುಮನಿಗೆ ಹೊಂಟಾಳೋ?” ಎಂದಳು. ಸಂತೆಯಿಂದ ಬಂದ ಅಪ್ಪ ಬೈಯಲಿಲ್ಲ, ಹೊಡೆಯಲಿಲ್ಲ. “ನೀರು ಕಾಸಾಕ ಬರ್ತತಿ” ಎಂದು ಒಲೆಯ ಪಕ್ಕಕ್ಕಿಟ್ಟ. ಮರುದಿನ ಆ ನೀರಲ್ಲೇ ನಾನು ಸ್ನಾನ ಮಾಡಿ ಶಾಲೆಗೆ ಹೋದೆ.

ಶಾಲೆಗೆ ಹೋದವಳು ಅಲ್ಲೇ ಉಳಿದುಬಿಟ್ಟೆ ಅನ್ನಿ. ಕಲಿತೆ, ಕಲಿಸಿದೆ, ಅರವತ್ತಾಯಿತು, ಶಾಲು ಹೊದಿಸಿ ಗೋಡೆ ಗಡಿಯಾರ ಕೊಟ್ಟು ಕಳಿಸಿದರು. ಮರುವಾರವೇ ಹಡಗಲಿಯ ಬಸ್ಸು ಹತ್ತಿ ಮೌನೇಶನ ಮನೆಗೆ ಹೋಗಿ, “ಅಪ್ಪನ ಸಣ್ಣ ಉಳಿ ಕೊಡು” ಅಂದೆ. ನೆನಪಿಗೆ ಷೋಕೇಸಿನಲ್ಲಿಡಲು ಕೇಳುತ್ತಿದ್ದೇನೆಂದುಕೊಂಡು ಒರೆಸಿ ಕೊಟ್ಟ. ನಾನು ಹಗರಿಬೊಮ್ಮನಹಳ್ಳಿಯ ನಮ್ಮ ಮನೆಯ ಹಿತ್ತಲಲ್ಲಿ ತಗಡಿನ ಶೆಡ್ಡು ಹಾಕಿಸಿ ಕೂತೆ. ಮೊದಲ ವರ್ಷ ನಾನು ಮಾಡಿದ ಆನೆಗಳನ್ನು ನೋಡಿದವರು “ಎಮ್ಮಿ ಭಾಳ ಚೆಂದ ಬಂದೈತ್ರಿ” ಎಂದರು. ಎರಡನೇ ವರ್ಷ ಆನೆ ಆನೆಯಾಯಿತು. ಮೂರನೇ ವರ್ಷ ಹರಪನಹಳ್ಳಿಯಿಂದ ಒಬ್ಬರು ಹುಡುಕಿಕೊಂಡು ಬಂದು ನವಿಲು ಬೇಕೆಂದರು. ಅವತ್ತು ನಾನು ಊಟ ಮಾಡಿದೆನೋ ಇಲ್ಲವೋ ನೆನಪಿಲ್ಲ, ಅಷ್ಟು ಸಂತೋಷವಾಗಿತ್ತು. ನಾಲ್ಕನೇ ವರ್ಷಕ್ಕೆ ಈ ಹೆಬ್ಬೆರಳು.

ನೀವೇ ಹೇಳಿ, ಹನ್ನೆರಡಕ್ಕೆ ಬೇಡಿದ್ದು ಅರವತ್ತಕ್ಕೆ ಸಿಕ್ಕಿದೆ. ಅರವತ್ನಾಲ್ಕಕ್ಕೆ ಬಿಡು ಎಂದರೆ ಬಿಡುವುದು ಹೇಗೆ?

ಸೀಗಿ ಹುಣ್ಣಿಮೆಯ ಮಾರನೇ ದಿನ, ಅಂದರೆ ಗೌರಿ ಹುಣ್ಣಿಮೆಗೆ ಇನ್ನೊಂದು ತಿಂಗಳಿದೆ ಎನ್ನುವಾಗ, ಹಂಪಸಾಗರದಿಂದ ಗಂಗಮ್ಮ ಎಂಬ ಮುದುಕಿ ಬಂದಳು. ಸೆರಗಿನ ಗಂಟಿನಿಂದ ಅಚ್ಚಿನ ಒಂದೇ ಒಂದು ಹೋಳು ತೆಗೆದು ನನ್ನ ಮುಂದಿಟ್ಟಳು. ಕೈಗೆತ್ತಿಕೊಂಡ ಕೂಡಲೇ ಗೊತ್ತಾಯಿತು, ಅಪ್ಪನ ಕೆಲಸ. ಗೌರಿಯ ಮುಂಭಾಗ, ಮೂಗುತಿಯ ಚುಕ್ಕೆ ಕೂಡ ಮಾಸಿರಲಿಲ್ಲ.

“ಇನ್ನೊಂದು ಹೋಳು ಎಲ್ಲಿ?”

“ಹಳೆ ಮನಿ ಕೆಡವಿ ಹೊಸಾದು ಕಟ್ಟುವಾಗ ಎಲ್ಲಿ ಹೋತೋ ಶಿವನ ಬಲ್ಲ. ಮೊಮ್ಮಗಂದು ಮದುವಿ ಗೊತ್ತಾಗೇತ್ರೀ ಟೀಚರ. ಈ ಹುಣ್ಣಿವಿಗೆ ಬೀಗರ ಮನಿಗೆ ಆರತಿ ಕಳಿಸಬೇಕು. ನನಗ ನಮ್ಮತ್ತಿ ಕಳಿಸಿದ್ದು ಇದ ಗೌರಿನ್ನ. ನನ್ನ ಸೊಸಿಗೆ ನಾ ಕಳಿಸಿದ್ದೂ ಇದನ್ನ.”

“ಬಜಾರದಾಗ ತಯಾರು ಆರತಿ ಸಿಗತಾವಲ್ಲಬೇ?”

“ಅವಕ್ಕ ಬೆನ್ನ ಇರಂಗಿಲ್ರಿ. ಹಿಂದ ಬರೇ ಸಪಾಟ. ನಮ್ಮತ್ತಿ ಕಳಿಸಿದ ಗೌರಿಗೆ ಬೆನ್ನ ತುಂಬ ಹೆರಳಿತ್ತು. ನಾ ಹೆರಳಿನ ತುದಿ ಮುರಕೊಂಡು ತಿಂದೀನಿ, ಯಾರಿಗೂ ಹೇಳಿಲ್ಲ.” ಹಲ್ಲಿಲ್ಲದ ಬಾಯಿ ಮುಚ್ಚಿಕೊಂಡು ನಕ್ಕಳು. “ನೀವು ಬಡಿಗೇರ ಕಾಳಪ್ಪನ ಮಗಳಂತ. ಆ ಹೆರಳು ಒಂದು ಮಾಡಿಕೊಡ್ರಿ.”

ಪಟ್ಟಿ ಕಟ್ಟಿದ ಹೆಬ್ಬೆರಳನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡು “ಆಗಲಿ” ಎಂದೆ. ಆಕೆ ಅತ್ತ ಹೋದ ಮೇಲೆ ಉಳಿ ಹಿಡಿದು ನೋಡಿದೆ. ಮೂರು ಏಟಿಗೆ ಕಣ್ಣಲ್ಲಿ ನೀರು ಬಂತು. ನೋವಿಗೆ ಬಂದ ನೀರು ಸ್ವಲ್ಪ, ಸಿಟ್ಟಿಗೆ ಬಂದದ್ದೇ ಜಾಸ್ತಿ.

ಕೊಟ್ಟೂರಿನಲ್ಲಿ ಜಾಕೀರ ಎಂಬ ನನ್ನ ಹಳೆಯ ವಿದ್ಯಾರ್ಥಿ ಕಂಪ್ಯೂಟರ್ ಕೆತ್ತನೆಯ ಅಂಗಡಿ ಇಟ್ಟಿದ್ದಾನೆ. ಬಾಗಿಲು, ದೇವರ ಮಂಟಪ, ಮನೆಯ ಹೆಸರಿನ ಫಲಕ ಎಲ್ಲ ಅವನ ಮಶೀನಿನಲ್ಲಿ ಆಗುತ್ತವೆ. ನಾಲ್ಕನೇ ಇಯತ್ತೆಯಲ್ಲಿ ಹದಿನೇಳರ ಮಗ್ಗಿಗೆ ಬಂದರೆ ಅವನಿಗೆ ಹೊಟ್ಟೆನೋವು ಬರುತ್ತಿತ್ತು. ಈಗ ಮಿಲಿಮೀಟರನ್ನೂ ಹತ್ತು ಹೋಳು ಮಾಡಿ ಮಾತಾಡುತ್ತಾನೆ. ನಾನು ಡಬ್ಬಿಯಲ್ಲಿ ಜೋಳದ ಹಿಟ್ಟಿನ ಮುದ್ದೆ ಹಾಕಿಕೊಂಡು ಬಸ್ಸು ಹತ್ತಿದೆ. ಅಂಗಡಿಯಲ್ಲಿ ಡಬ್ಬಿ ಕಂಡು, “ಟೀಚರ್, ಊಟ ನಮ್ಮ ಮನ್ಯಾಗ ಮಾಡ್ರಿ, ಬುತ್ತಿ ಯಾಕ ತಂದ್ರಿ?” ಎಂದ. “ಇದು ನನಗಲ್ಲ, ನಿನ್ನ ಮಶೀನಿಗೆ” ಅಂದೆ.

ಗಂಗಮ್ಮನ ಹೋಳನ್ನು ಸುತ್ತಲೂ ಫೋಟೋ ತೆಗೆದು ಕಂಪ್ಯೂಟರಿಗೆ ಹಾಕಿದ. ಪರದೆಯ ಮೇಲೆ ಅಪ್ಪನ ಕೆಲಸ ಬೂದಿ ಬಣ್ಣದಲ್ಲಿ ತಿರುಗತೊಡಗಿತು. “ಜೋಡಿ ಹೋಳಲ್ಲೇನ್ರಿ, ಇದನ್ನ ಕನ್ನಡಿ ಮಾಡಿದ್ರ ಆತು” ಎಂದು ಏನೋ ಒತ್ತಿದ. ಮಶೀನು ಶುರುವಾಯಿತು. ನಾನು ಸ್ಟೂಲು ಹಾಕಿಕೊಂಡು ಅದರ ಮುಂದೆ ಕೂತೆ. ಸಣ್ಣ ಸೂಜಿಯಂಥ ಕೊರೆಯುವ ಮೊನೆ ಅತ್ತಿಂದಿತ್ತ ಓಡಾಡುತ್ತಾ, ಬೇಸರವಿಲ್ಲದೆ, ಹೆಬ್ಬೆರಳಿಲ್ಲದೆ, ಪುಡಿ ಎಬ್ಬಿಸುತ್ತಾ ಇಳಿಯುತ್ತಿತ್ತು. ನಿಜ ಹೇಳುತ್ತೇನೆ, ಹೊಟ್ಟೆಕಿಚ್ಚಾಯಿತು. ನಾನು ಎರಡು ದಿನ ಕೂತು ಇಳಿಸುವ ತಗ್ಗನ್ನು ಅದು ನಾನು ಒಂದು ಕಪ್ ಚಹಾ ಕುಡಿದು ಜಾಕೀರನ ಹೆಂಡತಿಯ ತವರುಮನೆಯ ಸುದ್ದಿ ಕೇಳುವಷ್ಟರಲ್ಲಿ ಇಳಿಸಿತು.

ಎರಡು ಹೋಳು ಜೋಡಿಸಿ ಹಿಟ್ಟು ಒತ್ತಿ ಬಿಚ್ಚಿದೆವು. ಮುಂದೂ ಮೂಗು, ಹಿಂದೂ ಮೂಗು. ಮೂಗುತಿ ಸಮೇತ.

ನಾನು ನಕ್ಕದ್ದು ಕಂಡು ಜಾಕೀರ ಗಾಬರಿಯಾದ. ನಗು ನಿಲ್ಲಲೇ ಇಲ್ಲ. ಇಷ್ಟು ದುಬಾರಿ ಮಶೀನು, ಕಂಪ್ಯೂಟರು, ಎಲ್ಲ ಸೇರಿ ಹನ್ನೆರಡು ವರ್ಷದ ನನ್ನಷ್ಟೇ ಬುದ್ಧಿವಂತವಾಗಿತ್ತು. ಅಲ್ಲಿಯವರೆಗೆ ಅದರ ಮೇಲಿದ್ದ ಹೊಟ್ಟೆಕಿಚ್ಚು ಹೋಗಿ, ಒಂದು ಥರ ಮಮತೆ ಬಂತು.

“ಜಾಕೀರ, ಬೆನ್ನು ಬೇಕೋ. ಹೆರಳು.”

“ಹೆರಳು ಹೆಂಗಿತ್ತಂತ ಮಶೀನಿಗೆ ಹೆಂಗ ಗೊತ್ತಾಗಬೇಕ್ರಿ ಟೀಚರ್? ಅದಕ ತೋರಿಸಬೇಕು.”

ಮಾತು ಸರಿಯಾಗಿತ್ತು. ಅದಕ್ಕೆ ತೋರಿಸಬೇಕು. ಆದರೆ ತೋರಿಸಲು ನನಗೆ ಗೊತ್ತಿದೆಯೇ? ಅಪ್ಪನ ಗೌರಿಯ ಬೆನ್ನನ್ನು ನಾನು ಕಣ್ಣಿನಿಂದ ನೋಡಿದ್ದು ಕಡಿಮೆ. ತಗ್ಗಿನೊಳಗೆ ಕತ್ತಲೆಯೇ ಜಾಸ್ತಿ. ನೋಡಿದ್ದೆಲ್ಲ ಬೆರಳಿನಿಂದ. ಬಸ್ಸಿನಲ್ಲಿ ವಾಪಸು ಬರುತ್ತಾ ಕಣ್ಣು ಮುಚ್ಚಿ ತೋರುಬೆರಳನ್ನು ತೊಡೆಯ ಮೇಲೆ ಆಡಿಸಿದೆ. ಕುತ್ತಿಗೆಯ ಹತ್ತಿರ ಗಾಜುಕಾಗದ ಸಿಕ್ಕಿಕೊಳ್ಳುತ್ತಿದ್ದ ಜಾಗ. ಅಲ್ಲಿ ಹೆರಳು ದಪ್ಪ. ಆಮೇಲೆ ಒಂದರ ಕೆಳಗೊಂದು ಏಳು ಗುಂಡಿ; ಅವು ಹೂವು. ಸೊಂಟದ ಹತ್ತಿರ ಹೆರಳು ಸ್ವಲ್ಪ ಎಡಕ್ಕೆ ಹೊರಳುತ್ತದೆ, ಆಕೆ ಈಗಷ್ಟೇ ಯಾರೋ ಕರೆದರೆಂದು ತಿರುಗಿದ ಹಾಗೆ. ಕೊನೆಗೆ ಮೂರು ಕುಚ್ಚು. ಐವತ್ತು ವರ್ಷವಾದರೂ ಬೆರಳು ಒಂದನ್ನೂ ಮರೆತಿರಲಿಲ್ಲ. ಪಕ್ಕದಲ್ಲಿ ಕೂತಿದ್ದ ಹೆಂಗಸು, “ಕಾಲು ಹಿಡಕೊಂಡಾವೇನ್ರಿ?” ಎಂದು ಕೇಳಿದಳು.

ಉಳಿ ಹಿಡಿಯಲಾರದ ಹೆಬ್ಬೆರಳು ಹಸಿಮಣ್ಣನ್ನು ಹಿಡಿಯಬಲ್ಲದು ಎಂದು ಮನೆಗೆ ಬಂದಮೇಲೆ ತಿಳಿಯಿತು. ಕೆರೆಯ ಜಿಗುಟು ಮಣ್ಣು ತರಿಸಿ ನಾದಿ, ಗಂಗಮ್ಮನ ಹೋಳಿನಲ್ಲಿ ಒತ್ತಿ ಮುಂಭಾಗ ತೆಗೆದೆ; ಅದರ ಹಿಂದೆ ಬೆನ್ನು ಕಟ್ಟುತ್ತಾ ಹೋದೆ. ಹೆರಳು ಹೊಸೆದು ಇಟ್ಟೆ, ಹೂವು ಒತ್ತಿದೆ, ಕುಚ್ಚು ಬಿಡಿಸಿದೆ. ನೋಯಲಿಲ್ಲ. ಮಣ್ಣಿನ ಗೌರಿಯನ್ನು ಬಟ್ಟೆಯಲ್ಲಿ ಸುತ್ತಿ ಮತ್ತೆ ಕೊಟ್ಟೂರಿಗೆ ಹೋದೆ. ಅದರ ಬೆನ್ನಿನ ಫೋಟೋ ತೆಗೆದು ಮೊದಲ ಸಲ ಕೊರೆದ ಅಚ್ಚಿನಲ್ಲಿ ಹಿಟ್ಟಿನ ಗೊಂಬೆ ಹೆರಳಿನ ಹತ್ತಿರ ಸಿಕ್ಕಿ ಹರಿಯಿತು. ತಗ್ಗಿನ ಗೋಡೆ ನೆಟ್ಟಗೆ ನಿಂತರೆ ಗೊಂಬೆ ಬಿಡುವುದಿಲ್ಲ, ಬಟ್ಟಲಿನಂತೆ ಸ್ವಲ್ಪ ಹೊರಗೆ ವಾಲಿರಬೇಕು. ಅಪ್ಪ ಇದನ್ನು ಯಾರೂ ಹೇಳದೆಯೇ ಮಾಡುತ್ತಿದ್ದ, ಮಶೀನಿಗೆ ಹೇಳಬೇಕಾಯಿತು. “ಎಷ್ಟು ಡಿಗ್ರೀರಿ?” ಎಂದ ಜಾಕೀರ. ನಾನು ಅಪ್ಪನ ಹೋಳಿನೊಳಗೆ ಶಾಲೆಯ ಕೋನಮಾಪಕ ಇಳಿಸಿ ಅಳೆದು ಹೇಳಿದೆ. ಬೆಳಿಗ್ಗೆ ಹೋದವಳು ಊರಿಗೆ ತಿರುಗಿ ಬರುವಷ್ಟರಲ್ಲಿ ದೀಪ ಹಚ್ಚುವ ಹೊತ್ತಾಗಿತ್ತು. ಹೀಗೆ ನಾಲ್ಕು ಸಲ ಓಡಾಡಿದ ಮೇಲೆ ಹೆರಳು ಹರಿಯದೆ ಗೊಂಬೆ ಬಿಟ್ಟಿತು. ಜಾಕೀರನೂ ಗಿರಾಕಿಗಳ ಬಾಗಿಲು ಪಕ್ಕಕ್ಕಿಟ್ಟು ನನ್ನ ಗೌರಿಯನ್ನು ಎಷ್ಟು ಸಲ ಮಶೀನಿಗೆ ಏರಿಸಿಯಾನು? ಪಕ್ಕದ ಮನೆಯ ಒಲೆಯ ಮೇಲೆ ಎಷ್ಟು ದಿನ ಅಡುಗೆ ಮಾಡುವುದು ಎಂದು ನಾಲ್ಕನೇ ಸಲ ಬರುವಾಗ ನಿರ್ಧಾರವಾಯಿತು. ನನಗೆ ನನ್ನದೇ ಮಶೀನು ಬೇಕು. ಬಾಗಿಲು ಕೊರೆಯುವಷ್ಟು ದೊಡ್ಡದಲ್ಲ. ಅಚ್ಚು ಕೊರೆಯುವಷ್ಟು, ಮೇಜಿನ ಮೇಲೆ ಕೂರುವಷ್ಟು.

ಗಂಗಮ್ಮ ಬಂದಾಗ ನಮ್ಮ ಅಡುಗೆಮನೆಯಲ್ಲೇ ಪಾಕ ಹೊಯ್ದು ತೋರಿಸಿದೆ. ಹುರಿ ಬಿಚ್ಚಿ ಗೌರಿಯನ್ನು ಕೈಗಿಟ್ಟರೆ, ಆಕೆ ಮುಖ ನೋಡಲೇ ಇಲ್ಲ. ಮೊದಲು ತಿರುಗಿಸಿ ಬೆನ್ನು ನೋಡಿದಳು. ಮಂಜಾದ ಕಣ್ಣಿಗೆ ಸರಿಯಾಗಿ ಕಾಣಲಿಲ್ಲವೋ ಏನೋ, ಬೆರಳು ಆಡಿಸಿ ನೋಡಿದಳು. “ಅದ ಐತಿ ಬಿಡ್ರಿ” ಎಂದಳು. ಅಚ್ಚನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡು, ಬಸ್ಸು ತಪ್ಪೀತೆಂದು ಚಹಾವನ್ನೂ ಕುಡಿಯದೆ ಹೋದಳು.

ಹುಣ್ಣಿಮೆಯಾಗಿ ವಾರಕ್ಕೆ ಮೌನೇಶ ಬಂದ. ಮಶೀನಿನ ಸುದ್ದಿ ನಮ್ಮನೆಯವರು ಫೋನಿನಲ್ಲಿ ಮುಟ್ಟಿಸಿದ್ದರು. ಯಾವ ಗುಟ್ಟೂ ಅವರ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ರೊಟ್ಟಿ ತಿಂದು ಕೈ ತೊಳೆದ ಮೇಲೆ ಮೌನೇಶ ಮಾತು ತೆಗೆದ.

“ಅಕ್ಕಾ, ಅಪ್ಪನ ಕೆಲಸಕ್ಕ ಮಶೀನ್ ಹಚ್ಚತೀಯಂತ.”

“ನೀ ಹಲಗಿಗೆ ರಂದಾ ಹೊಡಿಯಾಕ ಮಶೀನ್ ತಂದಾಗ ನಾ ಏನರ ಅಂದೆನೇನು?”

“ಅದು ಬಾಗಿಲಿಗೆ. ಇದು ಗೌರಿಗೆ.” ಅವನ ದನಿ ಏರಿತು. “ನಾಳಿ ಯಾವನರ ನಿನ್ನ ಗೌರಿ ನೋಡ್ಕೊಂಡು ಅಂಥವ ನೂರು ಅಚ್ಚು ತಗದು ಸಂತ್ಯಾಗ ಗುಂಪಿ ಹಾಕತಾನ. ಅಪ್ಪನ ಹೆಸರು ಏನಾಗಬೇಕು? ಕೈಲೆ ಆದ್ರ ಮಾಡು, ಆಗಲಿಲ್ಲಂದ್ರ ಬಿಡು. ಅಪ್ಪನ ಕೆಲಸ ಉಳಿಸೋದಂದ್ರ ಹಂಗ.”

ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಹಾಗೆ ಆಗಲೂಬಹುದು. ಆದರೆ ಅವನು ಕೇಳಿದ ಪ್ರಶ್ನೆಯೇ ನನ್ನದಾಗಿರಲಿಲ್ಲ.

“ಅಪ್ಪನ ಕೆಲಸ ಉಳಿಸಾಕ ನಾ ಮಶೀನ್ ತರಾಕತ್ತಿಲ್ಲೋ ಮೌನೇಶ” ಅಂದೆ. “ಅಪ್ಪಂದು ಅಪ್ಪ ಮುಗಿಸಿ ಹೋದ. ನೀ ಆರು ವರ್ಷದಾವ ಇದ್ದಾಗ ಸುರು ಮಾಡಿದಿ. ನಂದು ಸುರುವಾಗಿ ನಾಕು ವರ್ಷ ಆಗೇತಿ, ನಾಕ. ನನಗ ಇನ್ನೂ ಭಾಳ ಕೆತ್ತೋದೈತಿ.”

ನಮ್ಮನೆಯವರು ಪತ್ರಿಕೆಯನ್ನು ಮುಖಕ್ಕೆ ಹಿಡಿದುಕೊಂಡರು. ಮೌನೇಶ ನನ್ನ ಹೆಬ್ಬೆರಳಿನ ಪಟ್ಟಿ ನೋಡಿದ, ಎದ್ದು ಹಿತ್ತಲಿಗೆ ಹೋದ. ಸಿಟ್ಟಾಗಿ ಹೊರಟನೆಂದು ನಾನೂ ಹಿಂದೆ ಹೋದೆ. ಅವನು ಶೆಡ್ಡಿನಲ್ಲಿ ನನ್ನ ಮೇಜನ್ನು ಎರಡೂ ಕೈಯಿಂದ ಹಿಡಿದು ಅಲುಗಿಸಿ ನೋಡುತ್ತಿದ್ದ.

“ಇದರ ಮ್ಯಾಲೆ ಇಡತೀಯೇನು ಮಶೀನ್ನ? ಅದುರಿದ್ರ ಗೆರಿ ತಪ್ಪತಾವ. ಮೇಜು ನಾ ಮಾಡ್ಕೊಡ್ತೀನಿ. ನನ್ನ ಕಡೆ ಬೇವಿನ ಹಲಗಿ ಅದಾವ.” ಟೇಪು ಬಿಚ್ಚಿ ಉದ್ದ, ಅಗಲ, ನನ್ನ ಮೊಣಕೈ ಎತ್ತರ ಅಳೆದ. ಕಿವಿಯ ಸಂದಿಯ ಪೆನ್ಸಿಲು ತೆಗೆದು ಶೆಡ್ಡಿನ ಮರದ ಕಂಬದ ಮೇಲೆ ಒಂದೊಂದಾಗಿ ಬರೆದುಕೊಂಡ. ಕೆಳಗೆ ‘ಬೇವು’ ಎಂದು ಬರೆದ. ಆಮೇಲೆ ಬಡಿಗೇರು ಎಲ್ಲ ಗಿರಾಕಿಗಳಿಗೂ ಕೇಳುವ ಮಾತನ್ನೇ ನನಗೂ ಕೇಳಿದ.

“ಎಷ್ಟು ವರ್ಷ ಬಾಳಬೇಕು ಇದು?”

“ಇಪ್ಪತ್ತು” ಅಂದೆ.

ಅವನು ತಿರುಗಿ ನನ್ನನ್ನು ನೋಡಿದ. ನಾನು ನಗಲಿಲ್ಲ. ಅವನೂ ನಗಲಿಲ್ಲ. ‘ಬೇವು’ ಎಂದಿದ್ದನ್ನು ಹೊಡೆದು ಹಾಕಿ, ಅದರ ಕೆಳಗೆ ‘ಸಾಗವಾನಿ’ ಎಂದು ಬರೆದುಕೊಂಡ.